ಇಥೆಲನ ಬರಿಗಾಲು

ಪೆಂಡೈನ್ ಕಡಲದಂಡೆಯ ಮರಳಿನ ಮೇಲೆ ಪಂದ್ಯದ ಕಾರು ಓಡಬೇಕಾದರೆ ಮೊದಲು ಇಥೆಲ್ ನಡೆಯಬೇಕಿತ್ತು. ಮರಳು ಬಗೆದು ಚಿಪ್ಪುಮೀನು ಹೆಕ್ಕಿ ಬದುಕಿದ ಮನೆತನದವನು. ನೀರು ಇಳಿದ ಮೇಲೆ ಆರು ಮೈಲಿ ಮರಳನ್ನು ಬರಿಗಾಲಲ್ಲಿ ತುಳಿದು ಬಂದು "ಗಟ್ಟಿ ಐತೆ" ಅಂದರೆ ಮುಗಿಯಿತು, ಕಾರಿನವರು ಆ ಮಾತು ನಂಬಿ ಜೀವ ಪಣಕ್ಕಿಡುತ್ತಿದ್ದರು.

ಆ ವರ್ಷ ಪಂದ್ಯದ ಕಾರ್ಯದರ್ಶಿ ಅವನಿಗೆ ಹೊಸ ಬೂಟು ಉಡುಗೊರೆ ಕೊಟ್ಟ. ದೊಡ್ಡ ಮನುಷ್ಯರ ಮುಂದೆ ಬರಿಗಾಲು ಚೆನ್ನಾಗಿ ಕಾಣುವುದಿಲ್ಲವಂತೆ! ಇಥೆಲ್ ಹಿಗ್ಗಿಹೋದ. ಬೂಟು ಮೆಟ್ಟಿಯೇ ಆರು ಮೈಲಿ ನಡೆದು ಬಂದು "ಗಟ್ಟಿ ಐತೆ" ಅಂದ.

ಚಿಪ್ಪಿನ ಬುಟ್ಟಿ ಹೊತ್ತು ಎದುರಾದ ಅಕ್ಕ ಮರ್ಗೆಡ್ ಅವನ ಕಾಲು ನೋಡಿದಳು.

"ಏನೋ ಸಾಹೇಬ, ಬೂಟಿನ ತೊಗಲಿನೊಳಗಿಂದ ಮರಳು ಮಾತಾಡ್ತೇನೋ?"

"ಸುಮ್ನಿರಕ್ಕ. ಮೂವತ್ತು ವರ್ಷದಿಂದ ತುಳೀತಿದೀನಿ."

"ಬರಿಗಾಲಲ್ಲಿ ಕಣೋ. ರಾತ್ರಿ ಮಳೆ ಹುಯ್ದದ್ದು ಮರೆತ್ಯಾ?"

ಸಿಟ್ಟಿನಿಂದ ಹತ್ತು ಹೆಜ್ಜೆ ಹಾಕಿದ. ಹನ್ನೊಂದನೆಯದಕ್ಕೆ ಅನುಮಾನ ಹುಟ್ಟಿ ನಿಂತ. ಬೂಟು ಕಿತ್ತು ಕೈಯಲ್ಲಿ ಹಿಡಿದು ಹಿಂದಕ್ಕೆ ಓಡಿದ. ಕಾರಿನ ದಾರಿ ತೋರಿಸಲು ನೆಟ್ಟಿದ್ದ ಮೂರನೆಯ ಬಾವುಟದ ಬಳಿ ಅಂಗಾಲಿಗೆ ತಣ್ಣಗೆ ತಗುಲಿತು. ಮೇಲೆ ಒಣಗಿದ ಮರಳು, ಕೆಳಗೆ ಹರಿವ ನೀರು.

ಅಷ್ಟರಲ್ಲಿ ಕಾರು ಹೊರಟಾಗಿತ್ತು. ಇಥೆಲ್ ದಾರಿಗೆ ಅಡ್ಡ ನಿಂತು ಬೂಟು ಬೀಸಿದ. ಕಣ್ಣು ಮುಚ್ಚಲಿಲ್ಲ, ಕದಲಲಿಲ್ಲ. ಕಾರು ಕಿರುಚಿಕೊಂಡು ಪಕ್ಕಕ್ಕೆ ಹೊರಳಿ ಅಲೆಗಳೊಳಗೆ ನುಗ್ಗಿ ನಿಂತಿತು. ಎಂಜಿನ್ನಿಗೆ ಉಪ್ಪುನೀರು ಹೊಕ್ಕಿತು. ಅಂದಿನ ಪಂದ್ಯ ಅಲ್ಲಿಗೇ ಮುಗಿಯಿತು.

ಕಾರ್ಯದರ್ಶಿ ಏದುಸಿರು ಬಿಡುತ್ತಾ ಬಂದ. "ಗಟ್ಟಿ ಇದೆ ಅಂತ ನೀನೇ ಹೇಳಿದ್ದಲ್ಲವೇನಯ್ಯಾ?"

"ಹೇಳಿದ್ದೆ ಸ್ವಾಮಿ. ತಪ್ಪು ಹೇಳಿದ್ದೆ. ಬೂಟು ಹಾಕ್ಕೊಂಡು ನಡೆದಿದ್ದೆ."

"ಇನ್ಮೇಲೆ ನಿನ್ನ ಮಾತು ಬೇಡ. ಹೋಗು."

ಕಾರು ಓಡಿಸುತ್ತಿದ್ದವನು ನೀರಿನಿಂದ ಎದ್ದು ಬಂದ. ಒದ್ದೆ ಬಟ್ಟೆಯಲ್ಲೇ ಮೂರನೆಯ ಬಾವುಟದವರೆಗೆ ನಡೆದ. ಕೆಳಗಿನ ನೀರಿಗೆ ಮರಳು ಅಷ್ಟರಲ್ಲಿ ಇನ್ನೂ ಸಡಿಲಗೊಂಡಿತ್ತು, ಅವನ ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಎಳೆದುಕೊಂಡು ತಿರುಗಿ ಇಥೆಲನನ್ನೇ ನೋಡಿದ, ತಲೆಯ ಟೋಪಿ ತೆಗೆದ.

ಆದರೂ ಇಥೆಲನನ್ನು ಮತ್ತೆ ಯಾರೂ ಕರೆಯಲಿಲ್ಲ. ಒಂದು ತಪ್ಪಿಗೆ ಮೂವತ್ತು ವರ್ಷ ತೊಳೆದುಹೋಯಿತು, ನ್ಯಾಯವಂತೆ ನ್ಯಾಯ! ಅವನು ಮಾತ್ರ ಯಾರ ಮೇಲೂ ದೂರು ಹೇಳಲಿಲ್ಲ. ಮುಂದೆ ಬದುಕಿದ್ದ ಹನ್ನೊಂದು ವರ್ಷವೂ ಪಂದ್ಯದ ಬೆಳಿಗ್ಗೆ ಕರೆಯದೇ ಬಂದು, ಆರು ಮೈಲಿ ಬರಿಗಾಲಲ್ಲಿ ತುಳಿದು, ಮೆತ್ತಗಿದ್ದ ಕಡೆ ಒಂದೊಂದು ಕಡ್ಡಿ ನೆಟ್ಟು ಹೋಗುತ್ತಿದ್ದ. ಆ ಕಡ್ಡಿಗಳ ಹತ್ತಿರ ಯಾವ ಕಾರೂ ಸುಳಿಯುತ್ತಿರಲಿಲ್ಲ.