ತೊಟ್ಟಿಗೆ ಕಾವಲಿದ್ದ ಅಳಿಯ

ಮೀನನ್ನು ನೀರಿನಲ್ಲಿ ಮುಳುಗಿಸಿ ಕೊಂದವನು ಭದ್ರಾ ಹೊಳೆಯ ಎರಡೂ ದಡದಲ್ಲಿ ನಾನೊಬ್ಬನೇ ಇರಬೇಕು. ಬೇರೆ ಯಾರಾದರೂ ಇದ್ದರೆ ದಯವಿಟ್ಟು ನನಗೊಂದು ಕಾಗದ ಬರೆಯಲಿ. ಇಷ್ಟು ವರ್ಷ ಈ ಕೀರ್ತಿಯನ್ನು ಒಬ್ಬನೇ ಹೊತ್ತು ಸಾಕಾಗಿದೆ. ನಿಮಗೆ ನಗು ಬಂದರೆ ತಡೆದುಕೊಳ್ಳಬೇಡಿ. ಇದನ್ನು ಕೇಳಿ ಮೊದಲು ನಕ್ಕವಳು ನನ್ನ ಹೆಂಡತಿಯೇ.

ನಾನು ಹುಟ್ಟಿದ್ದು ಬೆಸ್ತರ ಮನೆಯಲ್ಲಿ. ಅಜ್ಜ ಶಿವಮೊಗ್ಗದ ಕೋಟೆಯ ಹಿಂದೆ ತುಂಗೆಯಲ್ಲಿ ದೋಣಿ ನಡೆಸುತ್ತಿದ್ದ. ಈ ಹುಡುಗನಿಗೆ ಹೊಳೆಯ ಸಹವಾಸ ಬೇಡವೆಂದು ಅಪ್ಪ ನನ್ನನ್ನು ಶಾಲೆಗೆ ಹಾಕಿದ. ಅವನ ಆಸೆ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಕೈಗೂಡಿತು. ನಾನು ಈಜು ಕಲಿಯಲಿಲ್ಲ, ಬಲೆ ಬೀಸಲಿಲ್ಲ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಹೊಗೆ ಬಿಡತೊಡಗಿದ ಹೊಸದರಲ್ಲಿ ಅಲ್ಲಿ ಗುಮಾಸ್ತನಾಗಿ ಸೇರಿ, ಹೊಳೆಹೊನ್ನೂರಿನ ದೋಣಿಯವರ ಮಗಳು ಗೌರಿಯನ್ನು ಮದುವೆಯಾದೆ. ಅವರ ಕೇರಿಗೆಲ್ಲ ಕೋಟು ತೊಡುವ ಅಳಿಯ ನಾನೊಬ್ಬನೇ. ನಾನು ಹೋದರೆ ಗಂಡಸರು ಬೀಡಿ ಆರಿಸುತ್ತಿದ್ದರು, ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ನನಗದು ಹಿತವಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು.

ಭದ್ರಾವತಿಯ ಚಳಿಜ್ವರ ಆಗ ಯಾರನ್ನೂ ಬಿಡುತ್ತಿರಲಿಲ್ಲ. ಮದುವೆಯಾದ ಮೂರನೆಯ ವರ್ಷ ಗೌರಿಯನ್ನು ಹಿಡಿದದ್ದು ಬಿಟ್ಟೇ ಹೋಗಲಿಲ್ಲ. ಡಾಕ್ಟರು ಕ್ವಿನೈನು ಕುಡಿಸಿ ಕುಡಿಸಿ ಸೋತು, ಮೈಯಲ್ಲಿ ರಕ್ತವೇ ಇಲ್ಲ, ತವರಿಗೆ ಕಳಿಸಿ, ಉಂಡು ಗಟ್ಟಿಯಾಗಲಿ ಎಂದರು. ತವರಿನಲ್ಲಿ ಇದ್ದ ಔಷಧ ಒಂದೇ, ಕೊರವ ಮೀನಿನ ಸಾರು. ಬಾಣಂತಿಗೂ ಅದೇ, ಜ್ವರ ಬಿದ್ದವರಿಗೂ ಅದೇ. ಆದರೆ ಮೀನು ಒಲೆಯ ಮುಂದೆ ಬರುವವರೆಗೂ ಜೀವಂತವಾಗಿರಬೇಕು. ಸತ್ತ ಕೊರವದಲ್ಲಿ ಕಸುವಿಲ್ಲ ಎಂಬುದು ನಮ್ಮ ಅತ್ತೆಯವರ ಖಂಡಿತವಾದ ಅಭಿಪ್ರಾಯ.

ಮಳೆಗಾಲ ಹತ್ತಿರ ಬಂದಿತ್ತು. ಹೊಳೆಯಲ್ಲಿ ಕೆಂಪು ನೀರು ಇಳಿದರೆ ಬಲೆ ಹಾಕುವಂತಿಲ್ಲ. ಅದಕ್ಕೇ ನಮ್ಮ ಮಾವ ಮುಂಚಿತವಾಗಿ ಹನ್ನೆರಡು ಕೊರವ ಹಿಡಿದು ದೋಣಿಯ ತೊಟ್ಟಿಯಲ್ಲಿ ಬಿಟ್ಟಿದ್ದರು. ತೊಟ್ಟಿ ಎಂದರೆ ದೋಣಿಯ ನಡುವೆ ಎರಡು ಅಡ್ಡಹಲಗೆ ಬಡಿದು ಮಾಡಿದ ಗೂಡು. ತಳಕ್ಕೆ ಬೆರಳು ತೂರುವಷ್ಟು ತೂತುಗಳು, ಮೇಲೊಂದು ಹಲಗೆಯ ಮುಚ್ಚಳ. ಹೊಳೆಯ ನೀರು ಬರುತ್ತದೆ, ಹೋಗುತ್ತದೆ. ಮೀನು ಮಾತ್ರ ಹೋಗುವುದಿಲ್ಲ. ದೋಣಿಗೆ ತೂತಾದರೆ ಮುಳುಗುತ್ತದೆ ಎಂದಷ್ಟೇ ಓದಿಕೊಂಡಿದ್ದ ನಾನು, ಬೇಕೆಂದೇ ತೂತು ಕೊರೆದ ದೋಣಿಯನ್ನು ಬಹಳ ಹೊತ್ತು ನೋಡುತ್ತಾ ನಿಂತೆ. ಪುರಾಣದಲ್ಲೂ ಒಬ್ಬ ರಾಜ ಮೀನು ಸಾಕಿದ್ದಾನೆ. ಬೊಗಸೆಯಿಂದ ಕಮಂಡಲಕ್ಕೆ, ಕಮಂಡಲದಿಂದ ಕೆರೆಗೆ, ಕೆರೆಯಿಂದ ಹೊಳೆಗೆ, ಕಡಲಿಗೆ ಬಿಡುತ್ತಾ ಹೋದನಂತೆ. ಆದರೆ ಪ್ರತಿ ಸಲವೂ ‘ಇಲ್ಲಿ ನನಗೆ ಆಗದು’ ಎಂದು ಆ ಮೀನೇ ಬಾಯಿ ಬಿಟ್ಟು ಹೇಳಿತ್ತು. ಅಂಥ ಮೀನು ಸಿಕ್ಕರೆ ಪುಣ್ಯವಂತನಾಗುವುದು ಏನು ಕಷ್ಟ?

ಗೌರಿಯನ್ನು ಕರೆದುಕೊಂಡು ರಜೆ ಹಾಕಿ ಬಂದಿದ್ದ ನಾನು ಅತ್ತೆಯ ಮನೆಯಲ್ಲಿರುವಾಗಲೇ ಮಾವನಿಗೆ ಮಲವಗೊಪ್ಪದ ತಂಗಿಯ ಮನೆಯಿಂದ ಕರೆ ಬಂತು. ಯಾವುದೋ ಮದುವೆಯ ಮಾತುಕತೆ.

“ಅಳಿಯಂದ್ರೇ, ನಾಳೆ ಸಂಜೆಗೆ ಬಂದ್ಬಿಡ್ತೀನಿ. ತೊಟ್ಟಿ ಕಡೆ ಸ್ವಲ್ಪ ನೋಡ್ಕಳಿ,” ಎಂದು ಹೊರಟರು.

ಹೇಗೆ ನೋಡಿಕೊಳ್ಳಬೇಕೆಂದು ಅವರು ಹೇಳಲಿಲ್ಲ. ಬೆಸ್ತರ ಮಗನಿಗೆ ಅದನ್ನು ಹೇಳಿಕೊಟ್ಟರೆ ಅವಮಾನ ಮಾಡಿದಂತೆ. ನಾನೂ ಕೇಳಲಿಲ್ಲ, ಕೇಳಿದರೆ ಕೋಟಿನ ಮರ್ಯಾದೆ ಏನಾಗಬೇಕು?

ಅವರು ಹೋದ ಸ್ವಲ್ಪ ಹೊತ್ತಿಗೇ ಒಂದು ಕೊರವ ಮುಚ್ಚಳದ ಸಂದಿನಿಂದ ಹಾರಿ ಹೊಳೆ ಸೇರಿತು. ಒಂದು ಮೀನೆಂದರೆ ಗೌರಿಗೆ ಒಂದು ದಿನದ ಕಸುವು. ಇಣುಕಿ ನೋಡಿದರೆ ತೊಟ್ಟಿಯ ನೀರಿಗೂ ಮುಚ್ಚಳಕ್ಕೂ ನಡುವೆ ಗೇಣು ಜಾಗ ಖಾಲಿ. ಪಾಪ, ನೀರು ಸಾಲದೆ ಹಾರುತ್ತಿವೆ ಎಂದು ನನ್ನ ಓದಿದ ತಲೆ ತೀರ್ಮಾನಿಸಿತು. ದಂಡೆಯ ಗುಂಡುಕಲ್ಲುಗಳನ್ನು ಹೊತ್ತು ತಂದು ದೋಣಿಯ ಎರಡೂ ತುದಿಗೆ ಹೇರಿದೆ. ಭಾರಕ್ಕೆ ದೋಣಿ ತಗ್ಗಿತು, ತೊಟ್ಟಿಯ ನೀರು ಏರಿ ಮುಚ್ಚಳ ಮುಟ್ಟಿತು. ಮುಚ್ಚಳವನ್ನು ಹಗ್ಗದಿಂದ ಬಿಗಿದೆ. ಪಕ್ಕದ ಮನೆಯ ಮುದುಕ ಹಾಲಪ್ಪನವರು ಬಲೆ ಹೆಣೆಯುತ್ತಾ ಇಷ್ಟನ್ನೂ ನೋಡಿದರು. ನಾನು ನಕ್ಕೆ, ಅವರೂ ನಕ್ಕರು.

ಬೆಳಿಗ್ಗೆ ಹಗ್ಗ ಬಿಚ್ಚಿದರೆ ಹನ್ನೊಂದು ಮೀನೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಸಂಜೆ ಮಾವ ಬಂದು ಕಲ್ಲುಗಳನ್ನು ನೋಡಿದರು, ಮುಚ್ಚಳ ನೋಡಿದರು. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಕೊರವ ಬೇರೆ ಮೀನಿನ ಹಂಗಲ್ಲ ಅಳಿಯಂದ್ರೇ. ಆಗಾಗ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ಕುಡೀಬೇಕು. ಇಲ್ದಿದ್ರೆ ನೀರಲ್ಲೇ ಉಸಿರು ಕಟ್ಟಿ ಸಾಯ್ತವೆ. ಅದಕ್ಕೇ ಜಾಗ ಬಿಟ್ಟಿದ್ದು.”

ನನ್ನ ಸಿಟ್ಟೆಲ್ಲ ಹಾಲಪ್ಪನವರ ಮೇಲೆ ಹರಿಯಿತು. “ನೋಡ್ತಾ ಕೂತಿದ್ರಲ್ಲ, ಒಂದು ಮಾತು ಹೇಳ್ಬಾರದಿತ್ತಾ ಮಾರಾಯ್ರೇ?”

“ಮನೆ ಅಳಿಯಂದ್ರಿಗೆ ನಾವು ಹೇಳದಾ? ಓದ್ದೋರು, ಏನೋ ಹೊಸ ವಿದ್ಯೆ ಇರ್ಬೋದು ಅಂದ್ಕಂಡೆ,” ಎಂದರು ಅವರು. ಅದರಲ್ಲಿ ಕುಹಕ ಇರಲಿಲ್ಲ. ಕುಹಕವಿದ್ದಿದ್ದರೆ ನನಗೆ ಜಗಳವಾದರೂ ದಕ್ಕುತ್ತಿತ್ತು.

ಅಷ್ಟರಲ್ಲಿ ಹೊಳೆಗೆ ಕೆಂಪು ನೀರು ಬಂದಿತ್ತು. ಇನ್ನು ಮೀನಿಲ್ಲ. ಇದನ್ನು ಗೌರಿಗೆ ಹೇಳಬೇಕಲ್ಲ! ಅವಳು ನಡುಮನೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಥಂಡಿ ತಗಲಬಾರದೆಂದು ಕಿಟಕಿಗೆ ಗೋಣಿ ಬಡಿಸಿ, ಎರಡು ಕಂಬಳಿ ಹೊದಿಸಿ, ಆಯಾಸವಾದೀತೆಂದು ಯಾರೂ ಒಳಗೆ ಹೋಗಿ ಮಾತಾಡದಂತೆ ಕಟ್ಟಪ್ಪಣೆ ಮಾಡಿದವನು ನಾನೇ. ತಲೆ ತಗ್ಗಿಸಿ ನಡೆದದ್ದನ್ನು ಹೇಳಿದೆ.

“ಮೀನನ್ನ ನೀರಲ್ಲಿ ಮುಳುಗ್ಸಿ ಕೊಂದ್ರಾ? ನಮ್ಮ ಕೇರಿ ಹುಟ್ಟಿದಾಗ್ಲಿಂದ ಯಾರೂ ಮಾಡಿಲ್ಲ ಕಣ್ರೀ ಇದನ್ನ!” ಎಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳು ನಕ್ಕು ಎಷ್ಟು ತಿಂಗಳಾಗಿತ್ತೋ. ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು:

“ಬೈಬೇಡಿ. ನನ್ನ ಜಗಲಿ ಮೇಲೆ ಹಾಕ್ತೀರಾ? ಇಲ್ಲಿ ಉಸಿರು ಕಟ್ಟುತ್ತೆ.”

“ಮೊದ್ಲೇ ಯಾಕೆ ಹೇಳ್ಲಿಲ್ಲ?”

“ನೀವು ಅಷ್ಟು ಪ್ರೀತಿಯಿಂದ ಮುಚ್ಚಿದ್ರಲ್ಲ, ಹೆಂಗೆ ಹೇಳ್ಲಿ?”

ಮಂಚವನ್ನು ನಾನೇ ಜಗಲಿಗೆ ಎಳೆದು ತಂದೆ. ಆಗ ನೋಡಿ, ಇಡೀ ಕೇರಿಗೆ ಮಾತು ಬಂತು. ಅತ್ತೆ ಅತ್ತರು, ನೆರೆಯವರು ಗದರಿದರು, ಹಾಲಪ್ಪನವರು ಕೂಡ ಎದ್ದು ಬಂದು “ಗಾಳಿ ಬಡಿಯುತ್ತೆ, ಒಳಗೆ ಹಾಕಿ ಅಳಿಯಂದ್ರೇ” ಎಂದರು. ನಾನು ಗೌರಿಯ ಮುಖ ನೋಡಿದೆ. ಮಂಚ ಇದ್ದಲ್ಲೇ ಇತ್ತು.

ಅಲ್ಲಿ ಅವಳು ಒಂಬತ್ತು ದಿನ ಇದ್ದಳು. ಕೆಂಪು ನೀರು ನೋಡುವುದು, ಕೊಡ ಹೊತ್ತು ಹೋಗುವ ಗೆಳತಿಯರನ್ನು ಕೂಗಿ ಕರೆಯುವುದು, ಗಂಡನ ಮೀನಿನ ಸಾಹಸವನ್ನು ಹೊಸಹೊಸದಾಗಿ ವರ್ಣಿಸುವುದು. ಹತ್ತನೆಯ ದಿನ ಹೋಗಿಬಿಟ್ಟಳು.

ಹನ್ನೊಂದು ಮೀನು ತಿಂದಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನನ್ನ ಸಮಾಧಾನಕ್ಕೆ ಹಾಗೆಂದರೋ ಏನೋ, ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ. ಗಾಳಿಗೆ ಹಾಕಿ ಕೊಂದ ಎಂದು ಕೇರಿಯವರು ನನ್ನೆದುರಿಗೇ ಆಡಿದರು. ಮೀನಿನ ವಿಷಯದಲ್ಲಿ ಯಾರು ಏನಂದರೂ ತಲೆ ಬಾಗುತ್ತೇನೆ. ಗಾಳಿಯ ವಿಷಯದಲ್ಲಿ ಮಾತ್ರ ಇಂದಿಗೂ ಒಪ್ಪುವುದಿಲ್ಲ. ಮೂರು ವರ್ಷ ನನಗೆ ಸರಿಯೆಂದು ಕಂಡದ್ದನ್ನೆಲ್ಲ ಅವಳಿಗೆ ಕೊಟ್ಟಿದ್ದೆ. ಅವಳು ಬಾಯಿ ಬಿಟ್ಟು ಕೇಳಿದ್ದನ್ನು ಕೊಟ್ಟದ್ದು ಆ ಒಂಬತ್ತು ದಿನ.