ಫೋನಿನಲ್ಲಿ ಬಿದ್ದ ಚೌಕ

ಮೈಸೂರಿನಿಂದ ಮುಂಬಯಿಯ ವಡಾಲದ ಕಾಲನಿಗೆ ಹೊಸ ಸೊಸೆಯಾಗಿ ಬಂದ ವಿಮಲಾ ಸುಮಿತ್ರಮ್ಮನವರನ್ನು ಮೊದಲು ಕಂಡದ್ದು ಬಿಲ್ಡಿಂಗಿನ ತಾರಸಿಯ ಮೇಲೆ. ಒಣಹಾಕಿದ ಹಪ್ಪಳಕ್ಕೆ ಕಾವಲು ಕುಳಿತಿದ್ದ ಆ ಹಿರಿಯಾಕೆ, ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಎರಡೂ ಕಡೆಯ ಕಾಯಿಗಳನ್ನು ತಾವೇ ನಡೆಸುತ್ತಿದ್ದರು.

"ಮೈಸೂರಿನವಳೇನೇ? ಹಾಗಾದ್ರೆ ಆಟ ಬರುತ್ತೆ. ಕೂತ್ಕೋ" ಎಂದರು. ಹೆಸರು ಕೇಳಿದ್ದು ತಾವು ಒಂದಾಟ ಗೆದ್ದ ಮೇಲೆ.

ಆಮೇಲೆ ದಿನವೂ ಮಧ್ಯಾಹ್ನ ಆಟ, ದಿನವೂ ವಿಮಲಾಳಿಗೆ ಸೋಲು. ಕೆಲವು ವರ್ಷಗಳಲ್ಲಿ ಸುಮಿತ್ರಮ್ಮ ದೂರದ ಕಾಂದಿವಲಿಗೆ ಮನೆ ಬದಲಿಸಿದರು. ಎಂಬತ್ತಾರನೆಯ ಇಸವಿಯ ಹೊತ್ತಿಗೆ ಎರಡೂ ಮನೆಗಳಿಗೆ ಫೋನು ಬಂದಿತು; ನಿಂತಿದ್ದ ಆಟ ಫೋನಿನಲ್ಲಿ ಮುಂದುವರಿಯಿತು. ಇಬ್ಬರ ಮುಂದೆಯೂ ಒಂದೊಂದು ಹಲಗೆ. ಕವಡೆ ಹಾಕಿದವರು ಬಿದ್ದದ್ದನ್ನು ಹೇಳಬೇಕು, ಕೇಳಿದವರು ನಂಬಿ ಕಾಯಿ ನಡೆಸಬೇಕು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಜೊತೆಗೆ ಇನ್ನೊಮ್ಮೆ ಹಾಕುವ ಭಾಗ್ಯ.

ಒಂದು ದಿನ ವಿಮಲಾಳ ಕೊನೆಯ ಕಾಯಿ ನಡುಮನೆ ಸೇರಿ ಹಣ್ಣಾಗಲು ಚೌಕವೇ ಬೇಕಾಗಿತ್ತು. ಬಿದ್ದದ್ದು ಒಂದು. "ಚೌಕ" ಎಂದು ಅವಳ ಬಾಯಿ ಹೇಳಿಬಿಟ್ಟಿತು.

"ಭಲೇ ಹುಡುಗಿ! ಅಂತೂ ಗೆದ್ದೆಯಲ್ಲೇ!" ಸುಮಿತ್ರಮ್ಮ ತಾವೇ ಗೆದ್ದಂತೆ ಕೂಗಿದರು.

ಆ ದನಿಯನ್ನು ಇನ್ನೊಮ್ಮೆ ಕೇಳುವ ಆಸೆಗೆ ಮರುವಾರವೂ ಸುಳ್ಳು ಹೇಳಿದಳು. ಬರಬರುತ್ತಾ ಅದು ನಾಲಿಗೆಗೆ ರೂಢಿಯಾಯಿತು. ಸುಮಿತ್ರಮ್ಮನವರೋ, "ನಮ್ಮ ವಿಮಲೆಯ ಕೈಗುಣವೇ ಕೈಗುಣ" ಎಂದು ಬಂಧುಬಳಗಕ್ಕೆಲ್ಲ ಹೇಳಿಕೊಂಡು ಬಂದರು. ಹಾಗೆ ಹೇಳಿದ್ದು ಕಿವಿಗೆ ಬಿದ್ದಾಗಲೆಲ್ಲ ವಿಮಲಾಳಿಗೆ ಮೈ ಹಿಡಿಯಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಸುಮಿತ್ರಮ್ಮನವರ ಮಗಳ ಮದುವೆ ಗೊತ್ತಾಯಿತು. "ಮದುವೆಯ ಉಪ್ಪಿನಕಾಯಿಗೆ ಮೊದಲ ಉಪ್ಪು ನಿನ್ನ ಕೈಯಿಂದಲೇ ಬೀಳ್ಬೇಕು. ನಿನ್ನ ಕೈ ಬಿದ್ದರೆ ಕೆಡೋದಿಲ್ಲ" ಎಂದು ಕರೆ ಬಂದಿತು. ತಲೆನೋವು, ನೆಂಟರು ಎಂದು ವಿಮಲಾ ಹೇಳಿದ ನೆಪ ಒಂದೂ ನಡೆಯಲಿಲ್ಲ.

ಕಾಂದಿವಲಿಯ ಮನೆಯ ತುಂಬ ಹೆಂಗಸರು. ನಡುವೆ ಹೆಚ್ಚಿದ ಮಾವಿನಕಾಯಿಯ ರಾಶಿ. ಸುಮಿತ್ರಮ್ಮ ವಿಮಲಾಳ ಬೊಗಸೆಗೆ ಕಲ್ಲುಪ್ಪು ಸುರಿದರು. ಅಷ್ಟರಲ್ಲಿ ಅವರ ತಂಗಿಯ ಮಗಳು ಚಂಪಾ, ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಎಲ್ಲಿಂದಲೋ ಕವಡೆ ಹಿಡಿದು ಬಂದಳು. "ಆಂಟಿ, ಫೋನ್ ಮೇಲೆ ಚೌಕದ ಮೇಲೆ ಚೌಕ ಹಾಕ್ತೀರಂತೆ. ಏಕ್ ಬಾರ್ ನಮ್ಮ ಸಾಮ್ನೆ, ನಮ್ಮೆದುರಿಗೇ ಹಾಕಿ ನಾ!"

ಎಲ್ಲರ ಕಣ್ಣೂ ತನ್ನ ಮೇಲೆ. ವಿಮಲಾಳ ಬೊಗಸೆಯ ಉಪ್ಪು ಬೆವರಿಗೆ ಕರಗತೊಡಗಿತು.

"ಸುಮಿತ್ರಕ್ಕಾ, ನನ್ನ ಕೈಯಲ್ಲಿ ಯಾವ ಗುಣವೂ ಇಲ್ಲ" ಎಂದಳು. "ಬಿದ್ದದ್ದು ಒಂದು, ಎರಡು. ನಾನು ಹೇಳಿದ್ದು ಚೌಕ."

"ಅಯ್ಯೋ, ಆಟ ತಾನೇ ಬಿಡಿ!" ಎಂದು ಯಾರೋ ನಕ್ಕರು. ಉಳಿದವರೂ ನಕ್ಕರು. ಸುಮಿತ್ರಮ್ಮ ನಗಲಿಲ್ಲ.

"ಎಲ್ಲರಿಗೂ ಹೇಳಿಬಿಟ್ಟಿದ್ದೆನಲ್ಲೇ, ವಿಮಲಾ" ಎಂದರು, ಮೆಲ್ಲಗೆ. ಅವಳ ಬೊಗಸೆಯ ಕೆಳಗೆ ತಟ್ಟೆ ಹಿಡಿದು ಉಪ್ಪನ್ನು ಹಿಂದಕ್ಕೆ ಪಡೆದು ಚಂಪಾಳ ಕೈಗೆ ಕೊಟ್ಟರು. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ವಿಮಲಾ ಮದುವೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು, ಎಲೆಯಲ್ಲಿ ಬಡಿಸಿದ ಉಪ್ಪಿನಕಾಯಿಯನ್ನು ಮುಟ್ಟದೆ ಎದ್ದು ಬಂದಳು.

ಫೋನು ಮೌನವಾಯಿತು. ಮಳೆಗಾಲ ಕಳೆದ ಮೇಲೆ ಅವಳೇ ಧೈರ್ಯ ಮಾಡಿ ನಂಬರು ತಿರುಗಿಸಿದಳು. ಸುಮಿತ್ರಮ್ಮ ಎತ್ತಿದೊಡನೆ, "ಒಂದಾಟ ಆಡೋಣ್ವೇ?" ಎಂದಳು.

"ಫೋನಿನಲ್ಲಿ ಬೇಡಮ್ಮ. ಆಡೋದಾದ್ರೆ ಇಲ್ಲಿಗೇ ಬಾ."

ಈಗ ತೊಂಬತ್ತೆರಡನೆಯ ಇಸವಿ. ಗುರುವಾರ ಬಂತೆಂದರೆ ವಿಮಲಾ ಬಾಂದ್ರಾದಲ್ಲಿ ಗಾಡಿ ಬದಲಿಸಿ ಕಾಂದಿವಲಿಗೆ ಹೋಗುತ್ತಾಳೆ. ಸುಮಿತ್ರಮ್ಮನವರ ಕಣ್ಣಿಗೆ ಪೊರೆ ಬಂದು ಕವಡೆ ಮಸುಕಾಗಿ ಕಾಣುತ್ತದೆ. ವಿಮಲಾ ಕವಡೆ ಹಾಕಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಎಷ್ಟು ಬಿತ್ತೆಂದು ಸುಮಿತ್ರಮ್ಮ ಅವಳನ್ನು ಕೇಳುವುದಿಲ್ಲ. ಬಾಗಿ, ಒಂದೊಂದು ಕವಡೆಯನ್ನೂ ಬೆರಳಿನಿಂದ ಸವರಿ ನೋಡಿ, ತಾವೇ ಹೇಳುತ್ತಾರೆ. ಅಷ್ಟು ಹೊತ್ತೂ ವಿಮಲಾ ತಲೆ ತಗ್ಗಿಸಿಕೊಂಡೇ ಇರುತ್ತಾಳೆ.