ಕೆ.ಟಿ. ಕೊಟ್ಟ ಕೋಡಂಗಿಗಳು

ನಮ್ಮ ಕಂಪನಿಯಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿ ಒಪ್ಪಿಸುವುದಕ್ಕೆ ಕೆ.ಟಿ. ಎನ್ನುತ್ತಾರೆ. ‘ಕೆ.ಟಿ. ಕೊಡಿ’ ಎಂದಾಗಲೆಲ್ಲ ನನ್ನ ಮೈಸೂರು ಕಿವಿಗೆ ‘ಕೆಟ್ಟೆ’ ಎಂದೇ ಕೇಳಿಸುತ್ತಿತ್ತು. ಕಿವಿ ಸುಳ್ಳು ಹೇಳಲಿಲ್ಲ.

ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ನಾನು ನೋಡಿಕೊಳ್ಳುತ್ತಿದ್ದದ್ದು ಹೊರದೇಶದ ಆಸ್ಪತ್ರೆಯೊಂದರ ಬಿಲ್ಲಿನ ಸಾಫ್ಟ್‌ವೇರ್. ಅದನ್ನು ಕೊಚ್ಚಿಯ ಆಫೀಸಿಗೆ ಕೊಡುವುದೆಂದು ತೀರ್ಮಾನವಾಯಿತು. ಯಜಮಾನರ ನೌಕರಿ ಪಕ್ಕದ ತುಂಬದ ರಾಕೆಟ್ ಕೇಂದ್ರದಲ್ಲಿ, ಮಗಳ ಶಾಲೆಯೂ ಇಲ್ಲೇ. ನಾನು ಕೊಚ್ಚಿಗೆ ಹೋಗುವಂತಿರಲಿಲ್ಲ. ‘ಚೆನ್ನಾಗಿ ಕೆ.ಟಿ. ಮುಗಿಸಿ, ನಿಮಗೆ ಇಲ್ಲೇ ಬೇರೆ ಪ್ರಾಜೆಕ್ಟ್ ನೋಡೋಣ’ ಎಂದರು ಮ್ಯಾನೇಜರ್. ಆ ‘ನೋಡೋಣ’ವನ್ನು ನಂಬಿದೆನಲ್ಲ, ನನ್ನ ಬುದ್ಧಿಗಿಷ್ಟು!

ಕೊಚ್ಚಿಯಿಂದ ಸ್ಕ್ರೀನಿನಲ್ಲಿ ಬಂದವಳು ಕಾಸರಗೋಡಿನ ಹುಡುಗಿ. ಮೊದಲು ಬರೀ ಇಂಗ್ಲಿಷು, ಮಾತಿಗೊಂದು ‘ಮೇಡಂ’. ನನ್ನ ಬಾಯಿಂದ ಒಂದು ‘ಅಯ್ಯೋ ರಾಮ’ ಜಾರಿದ್ದೇ ತಡ, ‘ಅಕ್ಕ, ನಿಮ್ಮದು ಕನ್ನಡವಾ?’ ಎಂದಳು. ಮನೆಯಲ್ಲಿ ಮಗಳೇ ಮಲಯಾಳದಲ್ಲಿ ಉತ್ತರಿಸುತ್ತಾಳೆ; ನನಗೆ ಹಬ್ಬವಾಯಿತು. ಇವಳೋ, ಪ್ರತಿಯೊಂದಕ್ಕೂ ‘ಎಂತಕ್ಕೆ ಅಕ್ಕ?’ ಔಷಧಿಯ ಲೆಕ್ಕ ಬರುವವರೆಗೆ ತಿಂಗಳ ಬಿಲ್ಲನ್ನು ತಡೆದು ನಿಲ್ಲಿಸಬೇಕು ಎಂದೆ. ‘ಎಂತಕ್ಕೆ?’

‘ಇಲ್ಲಾಂದ್ರೆ ಔಷಧಿದು ಅಂತ ಸತ್ತವರ ಮನೆಗೂ ಎರಡನೇ ಬಿಲ್ಲು ಹೋಗುತ್ತೆ ಕಣೇ. ಹಿಂದೊಂದ್ಸಲ ಹೋಗಿದೆ.’

ಅವಳು ಬರೆದುಕೊಂಡಳು. ಆಮೇಲೆ ಅದನ್ನೆಂದೂ ಮರೆಯಲಿಲ್ಲ.

‘ಎಲ್ಲಾ ಹೇಳ್ಕೊಟ್ಬಿಡಬೇಡ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂದರು ಯಜಮಾನರು. ನಾನು ಕೇಳಲಿಲ್ಲ. ಅಷ್ಟು ಆಸೆಯಿಂದ ಕಲಿಯುವವಳು ಸಿಕ್ಕಾಗ ಬಚ್ಚಿಡುವುದು ಹೇಗೆ? ಕೆ.ಟಿ. ಮುಗಿಯಿತು. ಬೇರೆ ಪ್ರಾಜೆಕ್ಟೂ ಇಲ್ಲ, ಮಣ್ಣೂ ಇಲ್ಲ, ರಾಜೀನಾಮೆ ಬರೆಸಿಕೊಂಡರು. ಸಂಕಟವಾಯಿತು, ಆ ಹುಡುಗಿಯ ಮೇಲೆ ಹೊಟ್ಟೆಯೂ ಉರಿಯಿತು. ಆದರೂ ಕೆಲಸ ಒಳ್ಳೆಯ ಕೈಗೆ ಬಿತ್ತು ಎಂಬ ಸಮಾಧಾನವೊಂದು ಉಳಿದಿತ್ತು.

ಮೊನ್ನೆ ಅವಳ ಫೋನು ಬಂತು. ‘ಅಕ್ಕ, ನನ್ನ ಹತ್ರವೂ ಕೆ.ಟಿ. ಕೇಳಿದ್ದಾರೆ.’

‘ಯಾರಿಗೆ ಕೊಡ್ಬೇಕಂತೆ?’

‘ಜನಕ್ಕಲ್ಲ ಅಕ್ಕ. ಎಐಗೆ. ಗೊತ್ತಿದ್ದದ್ದೆಲ್ಲ ಟೈಪ್ ಮಾಡಿ ಹಾಕ್ಲಿಕ್ಕೆ ಹೇಳಿದ್ದಾರೆ.’

ಬಿಲ್ಲು ತಡೆಯುವ ವಿಷಯ ಹಾಕಿದೆಯಾ ಎಂದು ಕೇಳಿದೆ.

‘ಹಾಕಿದೆ. ಅರ್ಥವಾಯಿತು ಅಂತ ಬಂತು. ಎಂತಕ್ಕೆ ಅಂತ ಕೇಳ್ಲೇ ಇಲ್ಲ ಅಕ್ಕ.’